ಸೊಂಟದ ಕೀಲಿಕೈ

ಹತ್ತರಗಿಯ ನಮ್ಮ ಮನೆಯ ಮುಂದೆಯೇ ಹೆದ್ದಾರಿ. ಮರೆವಿನ ಕಾಯಿಲೆಯ ಅತ್ತೆ, ತವರೂರು ಘೋಡಗೇರಿಗೆ ಹೊರಟೆನೆಂದು ಎರಡು ಸಲ ಲಾರಿಗಳ ನಡುವೆ ಇಳಿದ ಮೇಲೆ, ನಾನು ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳತೊಡಗಿದೆ.

ಒಂದು ಮಧ್ಯಾಹ್ನ ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಹಿರಿಯ ಹೆಂಗಸು ನಮ್ಮಲ್ಲಿ ಕುಳಿತು ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ ನೋಡುತ್ತಿದ್ದರು. ಅದರಲ್ಲೂ ಮರೆವಿನ ಅತ್ತೆಯೊಬ್ಬಳು. ಕೋಣೆಯಲ್ಲಿ ಕೂಡಿಹಾಕಿ, ಉಪವಾಸ ಕೆಡವಿ ಕೊಂದವಳು ಸೊಸೆ. ಅವಳ ಬಳಿಯಿದ್ದ ಕೀಲಿಕೈಯೇ ಸಾಕ್ಷಿ. ಇಂಥ ಕಥೆಗಳಲ್ಲಿ ಯಾವಾಗಲೂ ನೋಡಿಕೊಳ್ಳುವವಳೇ ಕೊಲೆಗಾರ್ತಿ. ಅವಳು ಒದ್ದೆ ಹಾಸಿಗೆ ಒಗೆಯುವುದನ್ನು ಮಾತ್ರ ಯಾವನೂ ತೋರಿಸುವುದಿಲ್ಲ.

ಅಷ್ಟರಲ್ಲಿ ಅತ್ತೆ ಅಂದಿನ ಮೂರನೆಯ ಲಿಂಗಪೂಜೆ ಮುಗಿಸಿ ಹೊರಬಂದರು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಪೂಜೆಯಾಗದೆ ಉಣ್ಣುವವರಲ್ಲ, ಆದರೆ ಮಾಡಿದ ಪೂಜೆಯನ್ನೂ ಉಂಡ ರೊಟ್ಟಿಯನ್ನೂ ಮರೆತುಬಿಡುತ್ತಾರೆ.

“ಮುಂಜಾನಿಂದ ಏನೂ ಉಂಡಿಲ್ಲ ನೋಡವಾ,” ಎಂದರು ಕಾಕುಗೆ.

ಕಾಕು ಮೊದಲು ಟಿವಿ ನೋಡಿದರು, ಆಮೇಲೆ ನನ್ನ ಸೊಂಟ. “ನಿಮ್ಮತ್ತಿಗೆ ಊಟಾ ಕೊಟ್ಟಿಲ್ಲೇನವಾ?”

ತಪ್ಪು ಮಾಡಿದವಳಂತೆ ಸೆರಗೆಳೆದು ಕೀಲಿಕೈ ಮುಚ್ಚಿಕೊಂಡೆ. ಮೂರನೆಯ ಸಲ ತಾಟು ಬಡಿಸಿದೆ. ಟಿವಿಯಲ್ಲಿ ಪೊಲೀಸರು ಸೊಸೆಯನ್ನು ಜೀಪಿಗೆ ಹತ್ತಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಆ ಮನೆಯಿಂದ ಹೊರಗೆ ಹೋಗಲು ಅವಳಿಗೆ ಜೀಪಾದರೂ ಬಂತು.