ಚಾವಣಿ ಬೆವರಿತಂತೆ!

ನವನಗರದ ನಮ್ಮ ಮನೆಗೆ ಎರಡು ಅಂತಸ್ತು. ಕೆಳಗೆ ನಾನು ಮತ್ತು ನನ್ನ ಗಂಡ. ಮೇಲೆ ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಅವರ ಹೆಂಡತಿ ಮತ್ತು ಮಗ. ಅವರ ಬಚ್ಚಲುಮನೆ ಸರಿಯಾಗಿ ನನ್ನ ಅಡುಗೆಮನೆಯ ನೆತ್ತಿಯ ಮೇಲೆ ಕೂತಿದೆ. ಮನೆ ಕಟ್ಟಿಸುವಾಗ ಈ ಏರ್ಪಾಡು ಯಾರ ತಲೆಯಿಂದ ಬಂತು ಎಂದು ನಾನು ಕೇಳಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ಗಂಡನಿಗೆ ಹೇಳಬೇಕು, ಗಂಡ ಅದನ್ನು ಅಣ್ಣನಿಗೆ ಮುಟ್ಟಿಸಬೇಕು. ಮದುವೆಯಾಗಿ ಬಂದಾಗಿನಿಂದ ನಾನು ಭಾವನಿಗೆ ನೇರವಾಗಿ ಹೇಳಿದ್ದೆಂದರೆ "ಊಟಕ್ಕ ಬರ್ರಿ" ಎಂಬುದೊಂದೇ. ಅದೂ ಬಾಗಿಲ ಮರೆಯಿಂದ, ಸೆರಗು ಎಳೆದುಕೊಂಡು.

ಭಾವ ಕೆಟ್ಟವರಲ್ಲ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಅವರಿಗಿದ್ದ ರೋಗ ಒಂದೇ: ಮನೆಯ ಯಾವ ಕೆಲಸಕ್ಕೂ ಹೊರಗಿನವರನ್ನು ಕರೆಯಬಾರದು. ನೌಕರಿಯಿಂದ ನಿವೃತ್ತರಾದದ್ದೇ ತಡ, ಹುಬ್ಬಳ್ಳಿಗೆ ಹೋಗಿ ಒಂದು ಡ್ರಿಲ್ ಮಷೀನು ತಂದರು. ಮೊಬೈಲಿನಲ್ಲಿ ವಿಡಿಯೊ ನೋಡುವುದು, ಗೋಡೆಗೆ ತೂತು ಕೊರೆಯುವುದು. "ನಮ್ಮ ಮನಿ ಕೆಲಸ ನಾವು ಮಾಡ್ಕೊಳ್ಳಾಕ ಹೊರಗಿನವ್ರು ಯಾಕ ಬೇಕು?" ಎಂದು ಬಂದವರಿಗೆಲ್ಲ ಹೇಳುವುದು. ಬಂದವರು ಸೊಟ್ಟಗೆ ಕೂತ ಗಡಿಯಾರವನ್ನು ನೋಡಿ ಹೌದೌದು ಎನ್ನುವುದು.

ಸ್ವಂತ ಕೈಯಿಂದ ಮಾಡುವುದಕ್ಕೆ ನನ್ನ ತಕರಾರಿಲ್ಲ. ನನ್ನ ಗ್ಯಾಸ್ ಒಲೆಯ ಬರ್ನರನ್ನು ನಾನೇ ಬಿಚ್ಚಿ ಸ್ವಚ್ಛ ಮಾಡುತ್ತೇನೆ, ಅಡುಗೆಮನೆಗೆ ಸುಣ್ಣ ನಾನೇ ಬಳಿಯುತ್ತೇನೆ. ಅದು ಕೆಟ್ಟರೆ ನನಗೇ ಕೆಡುತ್ತದೆ. ಭಾವ ಕೆಡಿಸಿದ್ದು ನನ್ನ ತಲೆಯ ಮೇಲೆ ಸುರಿಯಿತಲ್ಲ, ಅಲ್ಲಿ ಲೆಕ್ಕ ಬೇರೆಯಾಯಿತು.

ನನ್ನ ಕಸುಬು ಖಡಕ್ ರೊಟ್ಟಿ. ಬೆಳಗಾಗುವ ಮೊದಲೇ ಜೋಳದ ಹಿಟ್ಟು ನಾದಿ ಬಡಿಯಲು ಕೂತರೆ ಬಿಸಿಲೇರುವ ತನಕ. ಸುಟ್ಟ ರೊಟ್ಟಿ ಗರಿಗರಿಯಾಗುವ ತನಕ ಒಣಗಬೇಕು, ಆಮೇಲೆ ಬುಟ್ಟಿಯಲ್ಲಿ ಪೇರಿಸಿ ಬಿಳಿ ಅರಿವೆ ಮುಚ್ಚಿಡಬೇಕು. ಒಂದು ಹನಿ ನೀರು ತಾಗಿದರೂ ಮೆತ್ತಗಾಗಿ ಬೂಸು ಹಿಡಿಯುತ್ತದೆ. ವರ್ಷಗಟ್ಟಲೆ ಓಣಿಯವರಿಗೆ ಮಾಡಿಕೊಟ್ಟ ಮೇಲೆ ಹುಬ್ಬಳ್ಳಿಯ ಒಂದು ಖಾನಾವಳಿಯವರು ದಿನಾ ನನ್ನ ಹತ್ತಿರವೇ ರೊಟ್ಟಿ ತೆಗೆದುಕೊಳ್ಳುತ್ತೇವೆ ಎಂದು ಒಪ್ಪಿದ್ದರು. ಆ ದಿನ ನಾನು ಗಂಡನಿಗೂ ಹೇಳದೆ ಒಬ್ಬಳೇ ಕೂತು ಖುಷಿಪಟ್ಟೆ. ಹೇಳಿದ್ದರೆ ಅದು ಅವರ ಖುಷಿಯಾಗಿಬಿಡುತ್ತಿತ್ತು.

ಅದೇ ಮಳೆಗಾಲ ಮುಗಿಯುವ ಹೊತ್ತಿಗೆ ಚಾವಣಿ ತೊಟ್ಟಿಕ್ಕತೊಡಗಿತು. ನಮ್ಮಲ್ಲಿ ನಳಕ್ಕೆ ನೀರು ಬರುವುದೇ ವಾರಕ್ಕೊಮ್ಮೆ. ಬಂದ ದಿನ ಮೇಲಿನ ಟ್ಯಾಂಕು ತುಂಬಿತೆಂದರೆ ಹನಿ ಜೋರು. ಊರೆಲ್ಲ ನೀರು ಬಂತು ಎಂದು ಕುಣಿದರೆ ನಾನು ಬುಟ್ಟಿ ಎತ್ತಿಕೊಂಡು ಜಾಗ ಹುಡುಕುತ್ತಿದ್ದೆ. ಕೊನೆಗೊಂದು ದಿನ ಖಾನಾವಳಿಯ ಮಾಲೀಕರು ಫೋನು ಮಾಡಿದರು: "ಅಕ್ಕಾರ, ರೊಟ್ಟಿ ಮೆತ್ತಗಾಗ್ಯಾವ್ರಿ. ವಾಸನಿನೂ ಬರಾಕತ್ತೈತಿ." ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಅವರು ಫೋನು ಮಾಡಲಿಲ್ಲ. ಶಿರಗುಪ್ಪಿಯ ಒಬ್ಬ ಹೆಣ್ಣುಮಗಳ ಹತ್ತಿರ ತರಿಸತೊಡಗಿದ್ದಾರೆ ಎಂದು ಬೇರೆಯವರಿಂದ ತಿಳಿಯಿತು.

ನಾನು ಪ್ಲಂಬರನಿಗೆ ಹೇಳಿ ಕಳಿಸಿದ್ದೆ. ಆ ಪುಣ್ಯಾತ್ಮನೂ ಸಾಮಾನ್ಯದವನಲ್ಲ. "ದಾರ್ಯಾಗ ಅದೀನ್ರಿ ಅಕ್ಕಾರ, ಬಂದ ಬಿಟ್ನಿ" ಎನ್ನುತ್ತ ಒಂದು ವಾರ ದಾರಿಯಲ್ಲೇ ಇದ್ದ. ಅಂತೂ ಬಂದ ದಿನ ಭಾವ ಮೆಟ್ಟಿಲ ಮೇಲೆ ಅಡ್ಡ ನಿಂತು, "ಬ್ಯಾಡಪಾ, ನಾನ ಮಾಡೇನಿ, ಹೋಗು" ಎಂದು ವಾಪಸು ಕಳಿಸಿದರು. ಮಾಡಿದ್ದೇನು? ಬಚ್ಚಲಿನ ನೆಲದ ಟೈಲ್ಸುಗಳ ಸಂದಿಗೆ ಬಿಳಿ ಸಿಮೆಂಟು ಮೆತ್ತಿದರು. ಸೋರಿತು. ಮತ್ತೆ ಮೆತ್ತಿದರು. ಮತ್ತೆ ಸೋರಿತು. ನನ್ನ ಗಂಡ ಧೈರ್ಯ ಮಾಡಿ ಕೇಳಿದಾಗ ಬಂದ ಉತ್ತರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಅದು ನಮ್ಮ ಬಚ್ಚಲದ ನೀರಲ್ಲೋ ತಮ್ಮಾ. ನಿನ್ನ ಹೇಣ್ತಿ ದಿನಾ ಅಷ್ಟು ರೊಟ್ಟಿ ಸುಟ್ರ ಉಗಿ ಎಲ್ಲಿ ಹೋಗ್ಬೇಕು? ಚಾವಣಿ ಬೆವರತೈತಿ."

ಚಾವಣಿ ಬೆವರಿತಂತೆ! ನನ್ನ ರೊಟ್ಟಿಯಿಂದಲೇ ನನ್ನ ರೊಟ್ಟಿ ಕೆಟ್ಟಿತಂತೆ. ನನ್ನ ಗಂಡ ಅದನ್ನು ನನಗೆ ಹೇಳುವಾಗ ಒಂದಿಷ್ಟು ನಂಬಿದ ಹಾಗೂ ಕಂಡರು. ಅವತ್ತೇ ನಿಶ್ಚಯ ಮಾಡಿದೆ, ಈ ಮಾತನ್ನು ಭಾವನಿಗೆ ತಿನ್ನಿಸದೆ ಬಿಡುವುದಿಲ್ಲ. ದೇವರ ಮುಂದೆ ಕೂತಾಗಲೂ ನಾನು ಅದನ್ನೇ ಬೇಡಿಕೊಂಡೆ. ಶಾಂತಿ ಕೊಡು ಎಂದಲ್ಲ, ಒಂದು ಅವಕಾಶ ಕೊಡು ಎಂದು.

ಅವಕಾಶ ಅಮ್ಮಿನಬಾವಿಯಿಂದ ಬಂತು. ಭಾವನ ಮಗನಿಗೆ ಅಲ್ಲಿಯ ಹುಡುಗಿಯನ್ನು ನೋಡಿಯಾಗಿತ್ತು, ಇನ್ನು ಹುಡುಗಿಯ ಕಡೆಯವರು ನಮ್ಮ ಮನೆ ನೋಡಲು ಬರಬೇಕು. ಹುಡುಗಿಯ ತಂದೆ ಯಾವುದೋ ಮದುವೆಯಲ್ಲಿ ನನ್ನ ರೊಟ್ಟಿ ಉಂಡಿದ್ದರಂತೆ. "ನಿಮ್ಮ ಮನಿಗೆ ಬಂದ್ರ ಆ ರೊಟ್ಟಿನ ಉಣ್ಣಾವ್ರು ನೋಡ್ರಿ" ಎಂದು ಹೇಳಿ ಕಳಿಸಿದ್ದರು. ಅಂಗಡಿಯಿಂದ ತಂದು ಬಡಿಸಿ ಪಾರಾಗುವ ಹಾಗಿರಲಿಲ್ಲ. ಭಾವನ ಹೆಂಡತಿಗೆ ಮುಂಗೈ ನೋವು, ರೊಟ್ಟಿ ಬಡಿಯುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು.

ಭಾವ ಕೆಳಗೆ ಬಂದು ಪಡಸಾಲೆಯಲ್ಲಿ ಕೂತು ನನ್ನ ಗಂಡನಿಗೆ ಹೇಳಿದರು, "ಐತಾರ ಬೀಗರು ಬರ್ತಾರ. ರೊಟ್ಟಿಗೆ ಹೇಳಿಬಿಡು."

ನಾನು ಅಡುಗೆಮನೆಯಿಂದ ಹೊರಗೆ ಬಂದೆ. ಸೆರಗು ಹೆಗಲ ಮೇಲೇ ಇತ್ತು, ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. ಭಾವನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಭಾವಾರ," ಎಂದೆ. "ನಿಮ್ಮ ಮನಿ ರೊಟ್ಟಿ ನೀವ ಬಡೀರಿ. ನಮ್ಮ ಮನಿ ಕೆಲಸ ನಾವು ಮಾಡ್ಕೊಳ್ಳಾಕ ಹೊರಗಿನವ್ರು ಯಾಕ ಬೇಕ್ರಿ? ಮೊಬೈಲಿನ್ಯಾಗ ವಿಡಿಯೊ ಇರ್ತಾವ. ಉಗಿ ಮ್ಯಾಲಿನ ಮನ್ಯಾಗ ಬರ್ಲಿ, ನಿಮ್ಮ ಚಾವಣಿ ಎಷ್ಟು ಬೆವರತೈತಿ ನೋಡೋಣು."

ನನ್ನ ಗಂಡ ಕೈಯಲ್ಲಿದ್ದ ಚಹಾ ಕುಡಿಯುವುದನ್ನು ಮರೆತರು. ಭಾವ ಎದ್ದು ಮೆಟ್ಟಿಲು ಹತ್ತಿದರು. ನನಗೆ ಅಷ್ಟು ಹಗುರ ಎಂದೂ ಅನ್ನಿಸಿರಲಿಲ್ಲ.

ಹಟಮಾರಿ ಮನುಷ್ಯ, ಮರುದಿನ ಬೆಳಿಗ್ಗೆ ನಿಜವಾಗಿಯೂ ಹಿಟ್ಟು ಕಲಸಿದರು. ನೀರು ಸೋರುವ ಚಾವಣಿಯಿಂದ ಸಪ್ಪಳವೂ ಚೆನ್ನಾಗಿ ಇಳಿಯುತ್ತದೆ. ನಾನು ಒಲೆಯ ಮುಂದೆ ಕೂತು ಕೇಳಿದೆ. ಮೊದಲು ಮೊಬೈಲಿನಲ್ಲಿ ಯಾವಳೋ ಹೇಳಿಕೊಡುವ ದನಿ. ಆಮೇಲೆ ತಪ್, ತಪ್. ಆಮೇಲೆ ಸುಮ್ಮನೆ. ಜೋಳದ ರೊಟ್ಟಿ ಅರ್ಧಕ್ಕೆ ಹರಿದಾಗ ಬೀಳುವ ಮೌನ ನನಗೆ ಚೆನ್ನಾಗಿ ಗೊತ್ತು. ಮತ್ತೆ ತಪ್, ತಪ್. ಮತ್ತೆ ಮೌನ. ಸೀದ ವಾಸನೆ ಮೆಟ್ಟಿಲಿಳಿದು ಬಂತು. ಕೊನೆಗೆ ಅಕ್ಕ, ಭಾವನ ಹೆಂಡತಿ, ತಡೆಯಲಾರದೆ ಬಿದ್ದು ಬಿದ್ದು ನಕ್ಕದ್ದೂ ಕೇಳಿಸಿತು. ಅವತ್ತು ನಾನು ಉಂಡ ಊಟದ ರುಚಿಯೇ ಬೇರೆ.

ಸಂಜೆ ನನ್ನ ಗಂಡ ಸುದ್ದಿ ತಂದರು: "ಅಣ್ಣ ಪ್ಲಂಬರನ್ನ ಕರಸ್ತಾನಂತ. ಈಗರ ರೊಟ್ಟಿ ಮಾಡ್ತಿ ಇಲ್ಲೋ?"

ಮಾಡುತ್ತೇನೆ ಎಂದೆ. ಅಲ್ಲಿಗೆ ನನ್ನ ಸಿಟ್ಟು ಇಳಿಯುವುದರಲ್ಲಿತ್ತು. ಪ್ಲಂಬರ್ ಬಂದು ಗೋಡೆ ಒಡೆಯದಿದ್ದರೆ ಇಳಿದೇ ಹೋಗುತ್ತಿತ್ತು.

ಈ ಸಲ ನಾನೂ ಮೇಲೆ ಹೋಗಿ ಬಚ್ಚಲ ಬಾಗಿಲಲ್ಲಿ ನಿಂತೆ. ಪ್ಲಂಬರ್ ನೆಲ ಮುಟ್ಟಲೇ ಇಲ್ಲ. ಟವೆಲ್ ಹಾಕುವ ಸರಳಿನ ಪಕ್ಕ, ಗೋಡೆಯ ಟೈಲ್ಸಿನ ಮೇಲೆ ಬೊಟ್ಟಿನಷ್ಟು ಬಿಳಿ ಸಿಮೆಂಟು ಕಂಡು ಅಲ್ಲೇ ಉಳಿ ಇಟ್ಟ. ಒಳಗೆ ನೀರಿನ ಪೈಪು, ಪೈಪಿನೊಳಗೆ ನೆಟ್ಟಗೆ ಇಳಿದ ಒಂದು ಸ್ಕ್ರೂ, ಅದರ ಸುತ್ತ ಗಟ್ಟಿಯಾದ ಅಂಟು. ಸರಳು ಕೂಡಿಸಲು ಹೋಗಿ ಭಾವ ಪೈಪಿಗೇ ಡ್ರಿಲ್ ಹೊಡೆದಿದ್ದರು. ನೀರು ಚಿಮ್ಮಿದಾಗ ಸ್ಕ್ರೂವನ್ನೇ ಬಿಗಿದು, ಅಂಟು ಮೆತ್ತಿ, ಮೇಲೆ ಸಿಮೆಂಟು ಬಳಿದು, ಸರಳನ್ನು ಗೇಣಿನಷ್ಟು ಆಚೆ ಕೂಡಿಸಿದ್ದರು. ಎಲ್ಲಿಂದ ಸೋರುತ್ತಿದೆ ಎಂದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೇ ನೆಲಕ್ಕೆ ಸಿಮೆಂಟು ಮೆತ್ತಿದರು, ಗೊತ್ತಿದ್ದೇ ತಪ್ಪನ್ನು ನನ್ನ ಒಲೆಯ ಮೇಲೆ ಹಾಕಿದರು.

"ಇದನ್ನ ಯಾರು ಹೊಡದಾರ್ರಿ?" ಎಂದು ಪ್ಲಂಬರ್ ಸ್ಕ್ರೂ ಎತ್ತಿ ಹಿಡಿದ. ಭಾವ ಕೈ ಚಾಚಿದರು. ಅವರಿಗಿಂತ ಮೊದಲು ನನ್ನ ಕೈ ಹೋಯಿತು.

ಖಾನಾವಳಿಯವರಿಗೆ ಆ ದಿನವೇ ಫೋನು ಮಾಡಿದೆ. ಚಾವಣಿ ಸರಿಯಾಯಿತು, ಮತ್ತೆ ಕೊಡುತ್ತೇನೆ ಎಂದೆ. ಅವರು ಬಹಳ ಮರ್ಯಾದೆಯಿಂದ, ಶಿರಗುಪ್ಪಿಯವರದು ಛಲೋ ನಡೆದಿದೆ, ಅವರನ್ನು ಈಗ ಹ್ಯಾಗೆ ಬಿಡಿಸುವುದು ಎಂದರು. ಅವರ ಮಾತು ಸರಿಯೇ ಇತ್ತು. ಫೋನಿಟ್ಟು ನಾನು ಸ್ಕ್ರೂವನ್ನು ತೊಳೆದು ಒರೆಸಿಟ್ಟೆ.

ಭಾನುವಾರ ಬೀಗರು ಬಂದರು. ಮನೆಯೆಲ್ಲ ನೋಡಿದರು. ಹೊಸ ಟೈಲ್ಸು ಹಾಕಿದ ಬಚ್ಚಲನ್ನೂ ನೋಡಿದರು. ಹುಡುಗ, ಹುಡುಗಿಗೆ ಕೆಡುಕು ಮಾಡುವ ಮನಸ್ಸು ನನಗಿರಲಿಲ್ಲ, ಹಾಗಾಗಿ ರೊಟ್ಟಿ ಎಂದಿಗಿಂತ ಚೆನ್ನಾಗಿಯೇ ಬಡಿದೆ. ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಹುಡುಗಿಯ ತಂದೆಯೂ ಭಾವನೂ ಪಕ್ಕಪಕ್ಕದಲ್ಲಿ ಕೂತರು. ತಾಟು ನಾನೇ ಹಚ್ಚಿದೆ. ಭಾವನ ತಾಟಿನಲ್ಲಿ ಉಪ್ಪು ಬಡಿಸುವ ಜಾಗದಲ್ಲಿ ಸ್ಕ್ರೂ ಇಟ್ಟು, ಮೇಲೆ ರೊಟ್ಟಿ ಮುಚ್ಚಿದೆ.

ಭಾವ ಮುರಿಯಲೆಂದು ರೊಟ್ಟಿ ಎತ್ತಿದರು. ಕಂಡರು. ಎಡಗೈಯಿಂದ ಸರಕ್ಕನೆ ಅದನ್ನು ತೆಗೆದುಕೊಂಡು ಮುಷ್ಟಿ ಕಟ್ಟಿದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನೂ ನೋಡಿದೆ.

"ನಮ್ಮ ಭಾವಾರು ಮನಿ ಕೆಲಸ ಎಲ್ಲಾ ತಾವ ಮಾಡ್ತಾರ್ರಿ," ಎಂದು ನಾನು ಬೀಗರಿಗೆ ಹೇಳಿದೆ. "ಹೊರಗಿನವ್ರನ್ನ ಕರಿಯೂದ ಇಲ್ಲ. ಕೇಳ್ರಿ ಬೇಕಾರ."

ಬೀಗರಿಗೆ ಖುಷಿಯೋ ಖುಷಿ. "ಹೌದೇನ್ರಿ? ಹಂಗಾರ ಛಲೋ ಆತ ಬಿಡ್ರಿ! ನಮ್ಮ ಮನ್ಯಾಗೂ ಗ್ವಾಡಿ ಒಳಗಿನ ಪೈಪು ಸೋರಾಕತ್ತೈತಿ. ನೀವ ಬಂದು ನೋಡ್ರಲ್ಲ!"

ಎಲ್ಲರೂ ಭಾವನ ಕಡೆ ತಿರುಗಿದರು. ಅವರು ಮುಷ್ಟಿ ಬಿಡದೆ, ತಾಟಿನಿಂದ ಕಣ್ಣು ಎತ್ತದೆ ಹೇಳಿದರು:

"ಅದಕ್ಕ ಪ್ಲಂಬರನ್ನ ಕರೀರಿ."

ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.