ಇಂದ್ರರ ಕೈಯ ಶರಬತ್ತು

ಮೊದಲು ಒಂದು ಶಟರ್. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು... ಬಂಟ್ವಾಳ ಪೇಟೆಯಲ್ಲಿ ಹಗಲು ಹೊತ್ತು ಆ ಸದ್ದು ಕೇಳಿದರೆ ಎಲ್ಲಿಯೋ ಏನೋ ಆಗಿದೆ ಎಂದೇ ಅರ್ಥ. ನಿನ್ನೆ ಮತ್ತೆ ಕೇಳಿತು. ಕಿಟಕಿ ಹಾಕಲು ಎದ್ದವಳಿಗೆ ಪಕ್ಕದ ಮನೆಯಲ್ಲಿದ್ದವರ ನೆನಪಾಯಿತು.

ಹೊರದೇಶಗಳಲ್ಲಿ ರಾಯಭಾರಿಯಾಗಿದ್ದು, ರಿಟೈರ್ ಆಗಿ ಊರಿಗೆ ಬಂದವರು. ಪೇಟೆಯವರಿಗೆ ಅವರು ‘ಎಂಬೆಸಿ ಧನಿ’. ಕೆಲವು ವರ್ಷಗಳ ಹಿಂದೆ ರಂಜಾನ್ ಉಪವಾಸದ ತಿಂಗಳಲ್ಲಿ ಎರಡು ಬೈಕು ತಾಗಿ, ಜೈನರ ಅಂಗಡಿಯ ಹುಡುಗರಿಗೂ ಬ್ಯಾರಿ ಮುಸ್ಲಿಂ ಹುಡುಗರಿಗೂ ಹೊಡೆದಾಟವಾಗಿ, ಪೇಟೆ ಮುಚ್ಚಿತ್ತು. ಧನಿಯದು ಒಂದೇ ಹಠ. ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯ ಉಸ್ತಾದರು, ಮೂಡಬಿದಿರೆಯ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು, ತಾನು, ಮೂವರೂ ಪೇಟೆಯಲ್ಲಿ ಒಟ್ಟಿಗೆ ನಡೆದು ಅಂಗಡಿ ತೆರೆಸಬೇಕು.

ಮಾತುಕತೆಗೆ ‘ನ್ಯೂಟ್ರಲ್ ವೆನ್ಯೂ’ ಎಂದು ನನ್ನ ಮನೆಯನ್ನು ಆರಿಸಿದರು. ಇಗರ್ಜಿಗೆ ಹೋಗುವ ಒಂಟಿ ಕ್ರಿಶ್ಚಿಯನ್ ಟೀಚರ್ ಮನೆ, ಯಾರ ತಕರಾರೂ ಇಲ್ಲ. ತೊಡಕು ಬಂದದ್ದು ಡೈನಿಂಗ್ ಟೇಬಲಿನಲ್ಲಿ. ಇಂದ್ರರು ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ. ಉಸ್ತಾದರು ಹೊತ್ತು ಮುಳುಗದೆ ಮುಟ್ಟುವವರಲ್ಲ. ಇಂಥ ಪ್ರೋಟೋಕಾಲ್ ಯಾವ ದೇಶದಲ್ಲೂ ಕಂಡಿಲ್ಲ ಎಂದರು ಧನಿ. ಇಂದ್ರರಿಗೆ ಹೊತ್ತಿರುವಾಗಲೇ ಅವಲಕ್ಕಿ, ಬಾಳೆಹಣ್ಣು ಕೊಟ್ಟೆ. ಮಸೀದಿಯಲ್ಲಿ ಸಂಜೆಯ ಬಾಂಗು ಆದ ಮೇಲೆ ಉಸ್ತಾದರಿಗೆ ಖರ್ಜೂರ, ಶರಬತ್ತು. ಧನಿ ಇಬ್ಬರ ಜೊತೆಗೂ ತಿಂದರು.

“ಲಾಭ ಇವರಿಗೆ ಮಾರಾಯ್ರೆ, ಎರಡು ಪಂಕ್ತಿಯಲ್ಲೂ ಕೂತರು” ಎಂದು ಉಸ್ತಾದರು ಇಂದ್ರರಿಗೆ ಹೇಳಿದರು. ಇಂದ್ರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶುಕ್ರವಾರ ನಡೆಯುವ ಎಂದು ಇಬ್ಬರೂ ಒಪ್ಪಿದ್ದು ಆ ನಗುವಿನ ನಡುವೆಯೇ...

ಒಪ್ಪಂದವಾದರೆ ಫೋಟೋ ಆಗಲೇಬೇಕು. ಅದು ಧನಿಯ ಸರ್ವಿಸಿನ ಅಭ್ಯಾಸ. ಪತ್ರಿಕೆಯವನೊಬ್ಬನನ್ನು ಕರೆಸಿ, ಮೂವರಿಗೂ ಗ್ಲಾಸು ಹಿಡಿಸಿ ನಿಲ್ಲಿಸಿದರು. ಇಂದ್ರರು ಮರ್ಯಾದೆಗೆ ಹಿಡಿದರು, ಅಷ್ಟೇ. ಅವರ ಗ್ಲಾಸನ್ನು ತುಂಬಿದ ಹಾಗೆಯೇ ನಾನು ಒಳಗೆ ಒಯ್ದಿದ್ದೆ.

ಮರುದಿನ ಆ ಫೋಟೋ ಬೆಳ್ತಂಗಡಿಯವರೆಗೆ ಎಲ್ಲರ ಮೊಬೈಲಿನಲ್ಲಿತ್ತು. ಕಿಟಕಿಯಾಚೆ ಕತ್ತಲು, ಇಂದ್ರರ ಕೈಯಲ್ಲಿ ಶರಬತ್ತು. ಹೊತ್ತು ಮುಳುಗಿದ ಮೇಲೆ ಕುಡಿದರು ಎಂದು ಕೆಲವರು, ಬೇಕೆಂದೇ ಕುಡಿಸಿದರು ಎಂದು ಕೆಲವರು. ಕುಡಿಯಲಿಲ್ಲ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳಿದೆ. “ಪಾಪ ಟೀಚರ್” ಎಂದು ಕೇಳಿಸಿಕೊಂಡರು, ಹೋದರು.

ಇಂದ್ರರು ನನಗೆ ಫೋನ್ ಮಾಡಿದರು. “ನಾನು ಬಂದರೆ ನಾಳೆ ಬಸದಿಯ ಬಾಗಿಲಲ್ಲಿ ಗಲಾಟೆ ಆಗ್ತದೆ. ಧನಿಗೆ ನೀವೇ ಹೇಳಿ, ನನಗೆ ಬಾಯಿ ಬರುವುದಿಲ್ಲ.” ಇಂದ್ರರಿಲ್ಲದೆ ತಾನು ಇಳಿದರೆ ಅದನ್ನು ಮೆರವಣಿಗೆ ಎನ್ನುತ್ತಾರೆ ಎಂದು ಉಸ್ತಾದರೂ ಉಳಿದುಬಿಟ್ಟರು. ಇಬ್ಬರು ಹೇಳಿದ್ದೂ ಸುಳ್ಳಲ್ಲ. ಏನು ಮಾಡುವುದು...

ಆ ವಾರವೇ ಧನಿ ಹೇಳದೆ ಕೇಳದೆ ಮೈಸೂರಿನ ತಂಗಿಯ ಮನೆಗೆ ಹೋದರು. ಆಮೇಲೆ ಅವರು ತೀರಿಹೋದ ಸುದ್ದಿಯೇ ಅಲ್ಲಿಂದ ಬಂತು. ಈಗ ಅವರ ಮನೆಯಲ್ಲಿ ಟ್ಯೂಷನ್ ಸೆಂಟರ್ ಉಂಟು. ನಿನ್ನೆ ಶಟರ್ ಸದ್ದಿಗೆ ಮಕ್ಕಳನ್ನು ಬೇಗ ಬಿಟ್ಟರು.

ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಆ ಶುಕ್ರವಾರ ಮಧ್ಯಾಹ್ನ. ಇಸ್ತ್ರಿ ಮಾಡಿದ ಕೋಟು ಹಾಕಿ ಪೇಟೆಯಲ್ಲಿ ಒಬ್ಬರೇ ನಡೆಯುತ್ತಿದ್ದರು. ತೆರೆದಿದ್ದ ಒಂದು ಬಟ್ಟೆ ಅಂಗಡಿಯೂ ಮುಚ್ಚುವುದರಲ್ಲಿತ್ತು.

“ನೀವು ಹೇಳುವುದು ಸರಿ ಉಂಟು ಧನಿ. ಈಗ ಮನೆಗೆ ಹೋಗಿ” ಎಂದು ಅಂಗಡಿಯವನು ಒಳಗಿನಿಂದ ಮೆಲ್ಲ ಶಟರ್ ಎಳೆಯತೊಡಗಿದ. ಅದು ಇಳಿದಷ್ಟೂ ಧನಿ ಬಗ್ಗುತ್ತಾ, ಸಂದಿಯಲ್ಲಿ ಅವನ ಮುಖ ಹುಡುಕುತ್ತಾ ಮಾತಾಡುತ್ತಿದ್ದರು. ಶಟರ್ ನೆಲಕ್ಕೆ ತಾಗಿತು. ಅವರು ಇನ್ನೂ ಬಗ್ಗಿಯೇ ಇದ್ದರು.