ಇನ್ನಾಸಿ ಕಳೆದುಕೊಂಡ ಬಿಸಿಲು

ಇನ್ನಾಸಿಯಂಥ ಮೆತ್ತನೆಯ ಮನುಷ್ಯ ನಮ್ಮ ಕೊಡೈ ಬೆಟ್ಟದಲ್ಲಿ ಇನ್ನೊಬ್ಬನಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೆ ಸಿಟ್ಟಿಗೇ ನಾಚಿಕೆಯಾಗಬೇಕು. ಆದರೂ ಅವನ ಮುಖ ನೋಡಿ ಮಾತನಾಡದ ಒಬ್ಬ ಮನುಷ್ಯನಿದ್ದ, ಸವರಿಮುತ್ತು. ಇನ್ನಾಸಿಯ ಸತ್ತ ಹೆಂಡತಿಯ ಸ್ವಂತ ಅಣ್ಣ. ಇಬ್ಬರೂ ದಿನಾ ಬೆಳಗ್ಗೆ ಒಟ್ಟಿಗೇ ಕೆಲಸ ಮಾಡುತ್ತಿದ್ದರು. ಇದೆಂಥ ಶಿಕ್ಷೆ ನೋಡಿ.

ಕೆಲಸ ಸೂರ್ಯನದು, ಬೆಟ್ಟದ ಮೇಲಿನ ಸೌರ ವೀಕ್ಷಣಾಲಯದಲ್ಲಿ. ಗೋಪುರದ ತುದಿಯಲ್ಲಿ ಸವರಿಮುತ್ತು ಕನ್ನಡಿಗಳನ್ನು ಬಿಸಿಲಿಗೆ ತಿರುಗಿಸುತ್ತಿದ್ದ. ಆ ಬೆಳಕು ಗೋಪುರದೊಳಗಿಂದ ಕೆಳಗಿಳಿದು, ನೆಲದಡಿಯ ಉದ್ದನೆಯ ಸುರಂಗಕ್ಕೆ ನುಗ್ಗಿ, ಅದರ ಕೊನೆಯಲ್ಲಿ ಬಿಳಿಯ ಹಲಗೆಯ ಮೇಲೆ ಮೊರದಗಲದ ಸೂರ್ಯನಾಗಿ ಕೂರುತ್ತಿತ್ತು. ಹಲಗೆಯ ನಡುವೆ ಕೂದಲಿನಷ್ಟು ಸಣ್ಣ ಸೀಳು. ಸೀಳಿನಲ್ಲಿ ನುಸುಳಿದ ಬೆಳಕನ್ನು ಸ್ಪೆಕ್ಟ್ರೋಗ್ರಾಫ್ ಬಣ್ಣಬಣ್ಣವಾಗಿ ಬಿಡಿಸಿ ಫೋಟೋ ತೆಗೆಯುವ ಗಾಜಿನ ಪ್ಲೇಟಿನ ಮೇಲೆ ಹಾಸುತ್ತಿತ್ತು. ಅಲ್ಲಿ ಕತ್ತಲಲ್ಲಿ ಕೂತಿರುತ್ತಿದ್ದವನು ಇನ್ನಾಸಿ. ಸೂರ್ಯನ ಕಲೆಯೊಂದನ್ನು ಸರಿಯಾಗಿ ಆ ಸೀಳಿನ ಮೇಲೆ ತರಬೇಕಾದರೆ ಮೇಲಿನ ಕನ್ನಡಿ ಎಳ್ಳಷ್ಟು ಅಲುಗಬೇಕು. ಅದಕ್ಕೇ ಗೋಡೆಗೊಂದು ಹಳೆಯ ಫೋನು. 'ಎಡಕ್ಕೆ', 'ಬಲಕ್ಕೆ', 'ಸಾಕು' ಎಂದು ಇವನು. 'ಈಗ?' ಎಂದು ಅವನು. ಒಮ್ಮೆ ಸರಿಯಾಗಿ ಕೂರಿಸಿದರೆ ಆಮೇಲೆ ಕನ್ನಡಿಯ ಗಡಿಯಾರವೇ ಸೂರ್ಯನ ಹಿಂದೆ ಹೋಗುತ್ತಿತ್ತು, ಕೀಲಿ ಮುಗಿಯುವ ತನಕ.

ಒಂದು ಕಾಲದಲ್ಲಿ ಅದೇ ಫೋನಿನಲ್ಲಿ ಏನೆಲ್ಲ ಹರಟೆ! ಇನ್ನಾಸಿ ಸೌದೆ ಹೊರುವ ಆಳಾಗಿ ಬಂದವನು. ಸವರಿಮುತ್ತುವೇ ಅವನನ್ನು ಹತ್ತಿರ ಕೂರಿಸಿಕೊಂಡು ಕೆಲಸ ಕಲಿಸಿದ. ಮದುವೆಯ ಮಾತನ್ನೂ ಆ ಫೋನಿನಲ್ಲೇ ತೆಗೆದ. ಪ್ಲೇಟಿಗೆ ಬೆಳಕು ಬೀಳುವಾಗ ಇನ್ನಾಸಿ ಉಸಿರೂ ಜೋರಾಗಿ ಬಿಡುವಂತಿಲ್ಲ. ಸರಿಯಾಗಿ ಆ ಹೊತ್ತಿಗೆ, ನನ್ನ ತಂಗಿ ಸಹಾಯಮೇರಿಯನ್ನು ಕಟ್ಟಿಕೊಳ್ಳುತ್ತೀಯಾ, ಬೇಡವೆಂದರೆ ಈಗಲೇ ಬಾಯಿಬಿಡು ಎಂದನಂತೆ. ಇವನು ತುಟಿ ಬಿಚ್ಚಲಿಲ್ಲ. ಅಂದಿನಿಂದ, ತಮಿಳರ ಭಾವಮೈದುನರು ಕರೆದುಕೊಳ್ಳುವ ಹಾಗೆ, ಅವನಿಗೆ ಇವನು ಮಾಪ್ಳೆ, ಇವನಿಗೆ ಅವನು ಮಚ್ಚಾನ್. ದಿನಾ ರಾತ್ರಿ ಊಟ ಒಂದೇ ಮನೆಯಲ್ಲಿ, ಮೇರಿಯ ಕೈಯಡುಗೆ. ಬೆಳ್ಳುಳ್ಳಿ ಹಾಕಿ ಅವಳು ಮಾಡುತ್ತಿದ್ದ ಕುಳಂಬೆಂಬ ಹುಳಿಸಾರಿಗೆ ಅಣ್ಣ ತಟ್ಟೆ ನೆಕ್ಕುತ್ತಿದ್ದ. ಮಕ್ಕಳಾಗಲಿಲ್ಲ ಎಂಬ ಕೊರಗೊಂದು ಬಿಟ್ಟರೆ ಸುಖವಾಗಿದ್ದರು.

ಮೇರಿ ತೀರಿಕೊಂಡ ವರ್ಷ ಮಂಜು ಬೆಟ್ಟವನ್ನು ಬಿಟ್ಟು ಹೋಗುವ ಹಾಗೇ ಕಾಣಲಿಲ್ಲ. ಸೂರ್ಯನ ಮೇಲೆ ಹಿಂದೆಂದೂ ಕಾಣದಂಥ ದೊಡ್ಡ ಕಲೆ ಬಂದಿದೆಯೆಂದು ವಿಜ್ಞಾನಿಗಳು ದಿನಾ ಕಿಟಕಿಗೆ ಮುಖ ಹಚ್ಚಿ ಕಾಯುತ್ತಿದ್ದರು. ಕಡೆಗೊಂದು ಬೆಳಗ್ಗೆ ಬಿಸಿಲು ಬಿತ್ತು. ಜ್ವರ ಏರಿದ್ದ ಮೇರಿ ಎದೆ ಹಿಡಿದುಕೊಂಡು, ಇವತ್ತೊಂದು ದಿನ ಹೋಗಬೇಡಿ ಎಂದಿದ್ದಳು. ಒಂದೇ ಪ್ಲೇಟು, ತೆಗೆದು ಓಡಿ ಬರುತ್ತೇನೆ ಎಂದು ಇನ್ನಾಸಿ ಹೊರಟ. ಮೇಲಿನಿಂದ ಸವರಿಮುತ್ತು ದಿನಾ ಕೇಳುವ ಹಾಗೆ ಮೇರಿ ಹೇಗಿದ್ದಾಳೆಂದು ಕೇಳಿದ. ಇವನು ಪರವಾಗಿಲ್ಲ ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಪ್ಲೇಟು ನಾಲ್ಕಾಯಿತು. ಮನೆಗೆ ಬಂದಾಗ ಮೇರಿ ಒಲೆಯ ಪಕ್ಕ ಬಿದ್ದಿದ್ದಳು. ಜೀಪು ಘಾಟಿ ಇಳಿಯುವಷ್ಟರಲ್ಲಿ ಅಣ್ಣನ ತೊಡೆಯ ಮೇಲೇ ಪ್ರಾಣ ಹೋಯಿತು. ಅವಳು ಬೆಳಗ್ಗೆಯೇ ಎದೆ ಹಿಡಿದುಕೊಂಡಿದ್ದ ಸುದ್ದಿ ಪಕ್ಕದ ಮನೆಯವರ ಬಾಯಿಂದ ಸವರಿಮುತ್ತುವಿನ ಕಿವಿಗೆ ಬಿತ್ತು. ಅವನು ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಸಮಾಧಿಗೆ ಮಣ್ಣು ಹಾಕಿ ಹೋದವನು ಮರುವಾರ ಗೋಪುರ ಹತ್ತಿದ. ಫೋನಿನಲ್ಲಿ 'ಈಗ?' ಎಂದ. ಅದರ ಮೇಲೆ ಒಂದಕ್ಷರವಿಲ್ಲ.

ಹಾಗೇ ವರ್ಷಗಳು ಹೋದವು. ಇಬ್ಬರ ತಲೆಯೂ ನರೆಯಿತು. ಕ್ಯಾಂಟೀನಿನ ಪಾಂಡಿಯಮ್ಮ ಇಬ್ಬರಿಗೂ ದೂರದೂರದ ಬೆಂಚಿಗೆ ಕಾಪಿ ತಂದಿಟ್ಟು ಗೊಣಗುತ್ತಿದ್ದಳು. "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಂತಾರೆ. ನಿಮ್ಮದು ಸೂರ್ಯ ಮುಳುಗಿದ್ರೂ ಮುಗಿಯಲ್ವಲ್ಲಪ್ಪ" ಎಂದು. ಇನ್ನಾಸಿ ನಗುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ. ಮಚ್ಚಾನ್ ಒಂದು ಸಲ ಬಾಯ್ತುಂಬ ಬೈಯಲಿ, ಕಪಾಳಕ್ಕೆ ಬೇಕಾದರೂ ಹೊಡೆಯಲಿ, ಎಡ ಬಲ ಬಿಟ್ಟು ಬೇರೇನಾದರೂ ಆಡಲಿ.

ಅಷ್ಟರಲ್ಲಿ ಕನ್ನಡಿಗೆ ಮೋಟರು ಬಂತು. ಸೋಮವಾರದಿಂದ ಇನ್ನಾಸಿ ಕೆಳಗೇ ಕೂತು ಗುಂಡಿ ಒತ್ತಿದರೆ ಕನ್ನಡಿ ತಾನೇ ತಿರುಗುತ್ತದೆ, ಮೇಲೆ ಆಳು ಬೇಡ. ಸವರಿಮುತ್ತುವಿಗೆ ಹೇಗೂ ನಿವೃತ್ತಿ. ಅವನು ಮಧುರೈಯ ಕಡೆ ತಮ್ಮನ ಮನೆಗೆ ಹೊರಡುತ್ತಾನೆಂದು ಸುದ್ದಿ. ಇನ್ನಾಸಿಗೆ ಅನ್ನ ಇಳಿಯಲಿಲ್ಲ. ಇದ್ದ ಮೂರು ಮಾತೂ ಹೋಗುತ್ತವಲ್ಲ ದೇವರೇ ಎಂದು ಗೋಡೆಯ ಕಡೆ ತಿರುಗಿ ಅತ್ತ.

ಸವರಿಮುತ್ತುವಿನ ಕೊನೆಯ ದಿನ, ಶನಿವಾರ, ಬಿಸಿಲು ಚೆನ್ನಾಗಿತ್ತು. ಹಲಗೆಯ ಮೇಲೆ ಸೂರ್ಯ ಮೂಡಿದ. ಕಲೆ ಮೊದಲ ಸಲಕ್ಕೇ ಸೀಳಿನ ಮೇಲೆ ಬಂದು ಕೂತಿತು. 'ಈಗ?' ಎಂದ ಸವರಿಮುತ್ತು. 'ಸಾಕು' ಎನ್ನಬೇಕಾಗಿತ್ತು. ಇನ್ನಾಸಿಯ ಬಾಯಿಂದ 'ಎಡಕ್ಕೆ' ಎಂದು ಬಂತು. 'ಈಗ?' 'ಬಲಕ್ಕೆ.' 'ಈಗ?' 'ಇನ್ನೊಂದು ಚೂರು.' ಹೀಗೇ ನಡೆಯಿತು. ಎಷ್ಟು ಹೊತ್ತಾದರೂ ಕಲೆ ಇದ್ದಲ್ಲಿಂದ ಕದಲಲಿಲ್ಲ. ಅದು ಯಾಕೆಂದು ಯೋಚಿಸುವ ಸ್ಥಿತಿಯಲ್ಲೂ ಇನ್ನಾಸಿ ಇರಲಿಲ್ಲ. ದನಿ ಬರುತ್ತಿತ್ತು, ಅಷ್ಟು ಸಾಕಾಗಿತ್ತು.

ಕೊನೆಗೆ ಸವರಿಮುತ್ತುವೇ ನಿಲ್ಲಿಸಿದ. "ಇನ್ನಾಸಿ, ಆಗ್ಲಿಂದ ನಾನು ಚಕ್ರ ಮುಟ್ಟೇ ಇಲ್ಲ. ಸೂರ್ಯ ಸರಿಯಾಗಿ ಕೂತಿದಾನೆ ಅಂತ ನನಗೆ ಗೊತ್ತಾಗಲ್ವಾ?"

"ಗೊತ್ತಾಗತ್ತೆ ಮಚ್ಚಾನ್. ಇನ್ನೊಂಚೂರು ಹೊತ್ತು ನಿಮ್ಮ ದನಿ ಕೇಳ್ಬೇಕು ಅನ್ನಿಸ್ತು."

ಮೇಲಿನಿಂದ ದನಿ ಬಂತು. "ಅವತ್ತೂ ಇದೇ ಫೋನಲ್ಲಿ ಕೇಳ್ದೆ. ನೀನು ಪರವಾಗಿಲ್ಲ ಅಂದೆ. ನಿಜ ಹೇಳಿದ್ರೆ ನಾನು ಮನೆಗೆ ಓಡ್ತೀನಿ, ಕನ್ನಡಿ ಹಿಡಿಯೋರು ಇರಲ್ಲ ಅಂತ ತಾನೇ?"

ಈ ಮಾತನ್ನು ಇನ್ನಾಸಿ ಪಾದ್ರಿಯ ಮುಂದೆ ಕೂಡ ಒಪ್ಪಿಕೊಂಡಿರಲಿಲ್ಲ. "ಹೌದು" ಎಂದ.

"ಪ್ರತಿ ಭಾನುವಾರ ಇಗರ್ಜೀಲಿ ಮಂಡಿಯೂರಿ ಇನ್ನಾಸೀನ ಕ್ಷಮಿಸಿದೀನಿ ಅಂತ ಹೇಳ್ಕೋತೀನಿ. ಹೊರಗೆ ಬಂದು ನಿನ್ನ ಮುಖ ನೋಡಿದ್ರೆ ಆಗಲ್ಲ. ಆಗ್ಲಿಲ್ಲ ಕಣಪ್ಪ. ಇನ್ನು ಆಗೋದೂ ಇಲ್ಲ. ಕೆಳಗೆ ಲೈಬ್ರರಿ ಕೆಲಸಕ್ಕೆ ಬಾ, ಮೆಟ್ಟಿಲು ಹತ್ತೋದು ತಪ್ಪತ್ತೆ ಅಂತ ಆಫೀಸಿನೋರು ಎಷ್ಟೋ ಸಲ ಕರೆದ್ರು. ನಾನು ಹೋಗ್ಲಿಲ್ಲ. ಈ ಬೆಟ್ಟದಲ್ಲಿ ಅವಳ ಕೈಯಡುಗೆ ಉಂಡೋರು ನಾವಿಬ್ಬರೇ ಉಳಿದಿರೋದು. ನಿನ್ನ ಬಿಟ್ಟು ಎಲ್ಲಿಗೆ ಹೋಗ್ಬೇಕಿತ್ತು?"

ಇನ್ನಾಸಿ ಫೋನನ್ನು ಕೆನ್ನೆಗೆ ಒತ್ತಿಕೊಂಡು ಬಿಕ್ಕಿದ. ಮೇಲಿನವನೂ ಅಳುತ್ತಿದ್ದನೋ ಏನೋ, ಮೂಗು ಸೀಟಿದ ಸದ್ದು ಕೇಳಿಸಿತು. "ಬಿಸಿಲಿದೆ, ಪ್ಲೇಟು ತೆಗಿ" ಎಂದು ಸವರಿಮುತ್ತು ಫೋನಿಟ್ಟ.

ಇವನ ಕಣ್ಣಿಗೆ ಸೀಳೂ ಕಾಣಲಿಲ್ಲ, ಕಲೆಯೂ ಕಾಣಲಿಲ್ಲ. ಒರೆಸಿಕೊಂಡಷ್ಟೂ ನೀರು ತುಂಬಿತು. ಕಾಣುವ ಹೊತ್ತಿಗೆ ಕನ್ನಡಿಯ ಗಡಿಯಾರದ ಕೀಲಿ ಮುಗಿದು, ಸೂರ್ಯ ಮೆಲ್ಲನೆ ಹಲಗೆಯ ಅಂಚಿಗೆ ಜಾರುತ್ತಿದ್ದ. ಫೋನೆತ್ತಿ 'ಬಲಕ್ಕೆ' ಎಂದ. 'ಮಚ್ಚಾನ್' ಎಂದ. ಯಾರೂ ಇರಲಿಲ್ಲ. ಸವರಿಮುತ್ತು ಮೆಟ್ಟಿಲಿಳಿದು ಹೊರಟುಹೋಗಿದ್ದ. ಹಲಗೆ ಪೂರ್ತಿ ಕಪ್ಪಾಗುವವರೆಗೆ ಇನ್ನಾಸಿ ನೋಡುತ್ತಲೇ ಕೂತ.

ಮಧ್ಯಾಹ್ನ ವಿಜ್ಞಾನಿಯೊಬ್ಬರು ಬಂದು, ಯಾಕೆ ಇನ್ನಾಸಿ, ಇವತ್ತಿನ ಪ್ಲೇಟು ಇಲ್ಲವಲ್ಲ, ಮೋಡ ಬಂದಿತ್ತಾ ಎಂದು ಕೇಳಿದರು.

"ಇಲ್ಲ ಸಾರ್, ಒಳ್ಳೇ ಬಿಸಿಲಿತ್ತು. ನಾನೇ ಕಳ್ಕೊಂಡೆ."